ಸ್ಟಾಪರ್ ಆಡುವ ಮಕ್ಕಳ ತಲೆಗೂ ಒಂದು ನಿಯಮ ಬೇಕು: ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಎಲ್ಲ ಪದಾಧಿಕಾರಿಗಳು,
ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ,
ಬೆಂಗಳೂರು

ಮಾನ್ಯರೇ,

ಫುಟ್‌ಬಾಲ್ ಕಲಿಯುವ ಸಣ್ಣ ಮಕ್ಕಳಿಂದ ಚೆಂಡನ್ನು ತಲೆಯಲ್ಲಿ ಹೊಡೆಸುವುದಕ್ಕೆ, ಅಂದರೆ ಹೆಡ್ಡಿಂಗ್‌ಗೆ, ನಮ್ಮ ರಾಜ್ಯದಲ್ಲಿ ಒಂದು ಮಿತಿ ಇರಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಇದು ನನ್ನೊಬ್ಬಳ ಮಾತಲ್ಲ. ಮೈದಾನದ ಅಂಚಿನಲ್ಲಿ ಬ್ಯಾಗು, ನೀರಿನ ಬಾಟಲಿ ಹಿಡಿದು ಕೂರುವ ಎಷ್ಟೋ ಅಪ್ಪ ಅಮ್ಮಂದಿರು ಇದನ್ನೇ ಮಾತಾಡಿಕೊಳ್ಳುತ್ತೇವೆ. ಕೋಚ್ ಎದುರು ಬಾಯಿ ಬಿಡಲು ಹಿಂಜರಿಯುತ್ತೇವೆ. ಹೇಳಿದರೆ ಮಗುವನ್ನು ಬೆಂಚಿನ ಮೇಲೆ ಕೂರಿಸಿಬಿಡುತ್ತಾರೇನೋ ಅನ್ನುವ ಭಯ. ಅದಕ್ಕೇ ನಿಮಗೆ, ಎಲ್ಲರಿಗೂ ಕಾಣುವ ಹಾಗೆ, ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಹತ್ತು ವರ್ಷ. ವಯಸ್ಸಿಗಿಂತ ಎತ್ತರ ಜಾಸ್ತಿ. ಅದೊಂದೇ ಕಾರಣಕ್ಕೆ ಅವನನ್ನು ಸ್ಟಾಪರ್ ಮಾಡಿದರು, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್. ನಮ್ಮ ಮೈದಾನಗಳಲ್ಲಿ ಇದು ನಡೆಯುವುದೇ ಹೀಗೆ. ಓಟ ಚೆನ್ನಾಗಿದ್ದವನು ವಿಂಗ್‌ಗೆ, ಕಾಲಲ್ಲಿ ಚಳಕ ಇದ್ದವನು ಮುಂದಕ್ಕೆ, ಉದ್ದಕ್ಕಿದ್ದವನು ಹಿಂದಕ್ಕೆ. ಮಕ್ಕಳಿಗೆಲ್ಲ ಸುನಿಲ್ ಛೆಟ್ರಿ ಆಗುವ ಆಸೆ. ಸ್ಟಾಪರ್ ಆಗಬೇಕು ಅಂತ ಹೇಳಿಕೊಂಡು ಬರುವ ಮಗು ಅಪರೂಪ. ನನ್ನ ಮಗ ಮಾತ್ರ ಆ ಜಾಗವನ್ನು ಇಷ್ಟಪಟ್ಟೇ ಒಪ್ಪಿಕೊಂಡ. ಗೋಲ್ ಹೊಡೆಯಲು ಬಂದವನ ಕಾಲಿಂದ ಚೆಂಡು ಕಿತ್ತುಕೊಂಡಾಗ ಅವನ ಮುಖ ನೋಡಬೇಕು. ಆ ಖುಷಿಯನ್ನು ಅವನಿಂದ ಕಸಿಯುವ ಯೋಚನೆ ನನಗಿಲ್ಲ. ಅವನು ಆಡಲಿ, ಬಹಳ ವರ್ಷ ಆಡಲಿ.

ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಯಾವ ಅಕಾಡೆಮಿ, ಯಾವ ಕೋಚ್ ಎಂದು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಯಾಕೆಂದರೆ ಬೇರೆ ಮೈದಾನಗಳಲ್ಲೂ ಇದನ್ನೇ ನೋಡಿದ್ದೇನೆ.

ರಾತ್ರಿ ಮಳೆ ಬಂದ ಮಾರನೆಯ ಬೆಳಗ್ಗೆ. ಡಿಫೆನ್ಸ್ ಆಡುವ ಮಕ್ಕಳನ್ನು ಬೇರೆ ಸಾಲಾಗಿ ನಿಲ್ಲಿಸಿದರು. ದೊಡ್ಡ ಹುಡುಗನೊಬ್ಬ ದೂರದಿಂದ ಚೆಂಡನ್ನು ಎತ್ತಿ ಒದೆಯುತ್ತಾನೆ. ಸಾಲಿನ ಮುಂದಿನ ಮಗು ಓಡಿ ಬಂದು, ಹಾರಿ, ಹಣೆಯಲ್ಲಿ ಹೊಡೆದು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಸಾಲು ಚಿಕ್ಕದು, ಹಾಗಾಗಿ ಸರದಿ ಬೇಗ ಬೇಗ ಬರುತ್ತದೆ. ಚೆಂಡು ದೊಡ್ಡವರು ಆಡುವ ಐದನೇ ಸೈಜಿನದು. ಅದರ ಹೊಲಿಗೆ ಅಲ್ಲಲ್ಲಿ ಬಿಟ್ಟಿತ್ತು. ಒದ್ದೆ ಮಣ್ಣು ಮೆತ್ತಿಕೊಂಡು, ನೀರು ಹೀರಿಕೊಂಡು ಭಾರವಾಗಿತ್ತು. ಬಿದ್ದಾಗ ಪುಟಿಯುವ ಬದಲು ದೊಪ್ಪೆಂದು ಸದ್ದು ಮಾಡುತ್ತಿತ್ತು. ಮಕ್ಕಳು ಕಣ್ಣು ಮುಚ್ಚಿಕೊಂಡು ಹಾರುತ್ತಿದ್ದವು. ಕಣ್ಣು ಮುಚ್ಚಿದಾಗ ಚೆಂಡು ಹಣೆಗೆ ಬೀಳುವುದಿಲ್ಲ, ನೆತ್ತಿಗೋ ಕಿವಿಯ ಮೇಲಕ್ಕೋ ಬೀಳುತ್ತದೆ. "ಕಣ್ ಬಿಡೋ, ಹೆದರಬೇಡ, ನೀನು ಸ್ಟಾಪರ್ ಕಣೋ" ಎಂದು ಕೋಚ್ ಕೂಗುತ್ತಿದ್ದರು.

ಅವತ್ತು ಮಗ ಮನೆಗೆ ಬಂದು ತಿಂಡಿ ಬೇಡ ಎಂದ. "ಲೈಟ್ ಆರಿಸಮ್ಮ, ಕಣ್ಣು ನೋಯುತ್ತೆ" ಎಂದು ಹೇಳಿ ಮಲಗಿದ. ಮಧ್ಯಾಹ್ನಕ್ಕೆ ಸರಿ ಹೋದ. ಕೋಚ್‌ಗೆ ಫೋನ್ ಮಾಡಿದೆ. "ಶುರುವಲ್ಲಿ ಎಲ್ಲರಿಗೂ ಹಾಗೇ ಮೇಡಂ, ರೂಢಿ ಆಗುತ್ತೆ" ಎಂದರು. ಅವರು ಕೆಟ್ಟವರಲ್ಲ. ಮಕ್ಕಳನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಫೀಸು ಕಟ್ಟಲಾಗದವರಿಗೂ ಕಲಿಸುತ್ತಾರೆ. ಅವರು ತಾವೇ ಹೀಗೆ ಕಲಿತವರು. ಇದರಲ್ಲಿ ಅಪಾಯ ಇದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ನೀವು.

ರೂಢಿ ಆದರೆ ಏನಾಗಬಹುದು ಎಂಬುದಕ್ಕೆ ಒಬ್ಬ ಸ್ಟಾಪರ್‌ನ ಬದುಕನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮಲ್ಲಿ ಹಳೆಯ ಆಟಗಾರರಿದ್ದರೆ ಈ ಹೆಸರು ನೆನಪಿರುತ್ತದೆ: ಗಾರ್ಡನ್ ಮೆಕ್‌ಕ್ವೀನ್.

ಅವರು ಹುಟ್ಟಿದ್ದು 1952ರಲ್ಲಿ, ಸ್ಕಾಟ್ಲೆಂಡಿನ ಕಿಲ್‌ಬರ್ನಿ ಎಂಬ ಸಣ್ಣ ಊರಿನಲ್ಲಿ. ತಂದೆ ಗೋಲ್‌ಕೀಪರ್ ಆಗಿದ್ದವರು. ಮಗ ಆರಡಿ ಮೂರು ಇಂಚು ಬೆಳೆದು ಸೆಂಟರ್ ಹಾಫ್ ಆದ, ಅಂದರೆ ನಮ್ಮಲ್ಲಿ ಹೇಳುವ ಸ್ಟಾಪರ್. ಸೇಂಟ್ ಮಿರೆನ್ ಕ್ಲಬ್‌ನಲ್ಲಿ ಆಡುತ್ತಿದ್ದವರನ್ನು 1972ರಲ್ಲಿ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕೊಂಡುಕೊಂಡಿತು. ಆ ಕಾಲದ ಲೀಡ್ಸ್ ಎಂದರೆ ಎದುರಾಳಿಗಳು ನಡುಗುವ ತಂಡ. ಅಲ್ಲಿ ಸ್ಟಾಪರ್ ಜಾಗದಲ್ಲಿ ವರ್ಷಗಟ್ಟಲೆ ನಿಂತವರು ಜ್ಯಾಕ್ ಚಾರ್ಲ್ಟನ್, 1966ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದವರು. ಅವರಿಗೆ ವಯಸ್ಸಾಗಿತ್ತು. ಆ ಜಾಗಕ್ಕೆ ಬಂದ ಹುಡುಗ ಮೆಕ್‌ಕ್ವೀನ್. 1973-74ರಲ್ಲಿ ಲೀಡ್ಸ್ ಇಂಗ್ಲೆಂಡಿನ ಲೀಗ್ ಗೆದ್ದಾಗ ಹಿಂದೆ ಗೋಡೆಯಾಗಿ ನಿಂತವರು ಅವರೇ.

1977ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ತಂಡ ಇಂಗ್ಲೆಂಡನ್ನು 2-1ರಿಂದ ಸೋಲಿಸಿತು. ಮೊದಲ ಗೋಲು ಮೆಕ್‌ಕ್ವೀನ್ ಅವರದು. ಫ್ರೀ ಕಿಕ್‌ನಲ್ಲಿ ತೇಲಿ ಬಂದ ಚೆಂಡನ್ನು ಎಲ್ಲರಿಗಿಂತ ಮೇಲೆ ಹಾರಿ ಹೆಡ್ ಮಾಡಿ ಒಳಗೆ ಹಾಕಿದರು. ಪಂದ್ಯ ಮುಗಿದ ಮೇಲೆ ಸ್ಕಾಟ್ಲೆಂಡ್ ಅಭಿಮಾನಿಗಳು ಮೈದಾನಕ್ಕೆ ನುಗ್ಗಿ ಹುಲ್ಲನ್ನೇ ಕಿತ್ತುಕೊಂಡು ಹೋದರು, ಗೋಲ್‌ಪೋಸ್ಟ್‌ನ ಅಡ್ಡಪಟ್ಟಿ ಮುರಿದುಬಿತ್ತು. ಒಬ್ಬ ಡಿಫೆಂಡರ್ ಹೊಡೆದ ಗೋಲನ್ನು ಒಂದು ದೇಶ ಇವತ್ತಿಗೂ ಮಾತಾಡಿಕೊಳ್ಳುವುದು ಸಣ್ಣ ವಿಷಯವಲ್ಲ. ಮುಂದಿನ ವರ್ಷವೇ ಮ್ಯಾಂಚೆಸ್ಟರ್ ಯುನೈಟೆಡ್ ಅವರಿಗೆ 4,95,000 ಪೌಂಡ್ ಕೊಟ್ಟು ಕರೆಸಿಕೊಂಡಿತು. ಬ್ರಿಟನ್ನಿನ ಕ್ಲಬ್‌ಗಳ ನಡುವೆ ಅಲ್ಲಿಯವರೆಗೆ ಒಬ್ಬ ಆಟಗಾರನಿಗೆ ಅಷ್ಟು ಹಣ ಯಾರೂ ಕೊಟ್ಟಿರಲಿಲ್ಲ. 1979ರ ಎಫ್‌ಎ ಕಪ್ ಫೈನಲ್‌ನಲ್ಲಿ ಆರ್ಸೆನಲ್ ವಿರುದ್ಧ ಕೊನೆಯ ನಿಮಿಷಗಳಲ್ಲಿ ಗೋಲು ಹೊಡೆದರೂ ತಂಡ ಸೋತಿತು. 1983ರಲ್ಲಿ ಆ ಕಪ್ ಕೈಗೆ ಬಂತು. ದೇಶಕ್ಕಾಗಿ 30 ಪಂದ್ಯ ಆಡಿದರು. ಆಮೇಲೆ ಕೋಚಿಂಗ್, ಟಿವಿಯಲ್ಲಿ ವಿಶ್ಲೇಷಣೆ. ನಗಿಸುವ, ಎಲ್ಲರೊಡನೆ ಬೆರೆಯುವ ಮನುಷ್ಯ ಎಂದು ಅವರ ಜೊತೆ ಆಡಿದವರೆಲ್ಲ ಹೇಳುತ್ತಾರೆ.

2021ರಲ್ಲಿ ಅವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ ಎಂದು ಕುಟುಂಬದವರು ಎಲ್ಲರಿಗೂ ತಿಳಿಸಿದರು. 2023ರ ಜೂನ್‌ನಲ್ಲಿ, 70ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗಳು ಹೇಲಿ ಮೆಕ್‌ಕ್ವೀನ್ ಕ್ರೀಡಾ ವಾಹಿನಿಯ ನಿರೂಪಕಿ. ಅಪ್ಪ ಅಭ್ಯಾಸ ಮುಗಿದ ಮೇಲೂ ಮೈದಾನದಲ್ಲೇ ಉಳಿದು ಚೆಂಡನ್ನು ಹೆಡ್ ಮಾಡುತ್ತಿದ್ದರು, ಮನೆಗೆ ಬಂದು ತಲೆನೋವೆಂದು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರು ಎಂದು ಅವರು ಹೇಳಿದ್ದಾರೆ. ಅದನ್ನು ಓದಿದಾಗ ನನಗೆ ಊಟ ಸೇರಲಿಲ್ಲ. ಲೈಟ್ ಆರಿಸು ಎಂದ ನನ್ನ ಮಗನೇ ಕಣ್ಣ ಮುಂದೆ ಬಂದ.

ಕುಟುಂಬದವರು ಅವರ ಮೆದುಳನ್ನು ಪರೀಕ್ಷೆಗೆ ಕೊಟ್ಟರು. ಪರೀಕ್ಷಿಸಿದವರು ಗ್ಲಾಸ್ಗೋದ ಡಾ. ವಿಲ್ಲಿ ಸ್ಟೀವರ್ಟ್. ಅದರಲ್ಲಿ ಸಿಟಿಇ ಎಂಬ ಕಾಯಿಲೆಯ ಗುರುತು ಸಿಕ್ಕಿತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ, ಬಾಕ್ಸಿಂಗ್ ಆಡಿದವರಲ್ಲಿ ಕಾಣುವ ಕಾಯಿಲೆ ಅದು. ಮನುಷ್ಯ ಬದುಕಿದ್ದಾಗ ಅದನ್ನು ಖಚಿತವಾಗಿ ಪತ್ತೆ ಹಚ್ಚಲು ಆಗುವುದಿಲ್ಲ, ಸತ್ತ ಮೇಲೆ ಮೆದುಳನ್ನು ನೋಡಿಯೇ ಹೇಳಬೇಕು. ಅವರ ಜಾಗದಲ್ಲಿ ಮೊದಲು ಆಡುತ್ತಿದ್ದ ಜ್ಯಾಕ್ ಚಾರ್ಲ್ಟನ್ ಕೂಡ ಡಿಮೆನ್ಷಿಯಾದಿಂದ ನರಳಿ 2020ರಲ್ಲಿ ತೀರಿಕೊಂಡರು. ಒಂದೇ ಕ್ಲಬ್‌ನಲ್ಲಿ, ಒಂದೇ ಜಾಗದಲ್ಲಿ, ಒಬ್ಬರಾದ ಮೇಲೆ ಒಬ್ಬರು ನಿಂತ ಇಬ್ಬರು ಸ್ಟಾಪರ್‌ಗಳು. 1966ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಪರ ಆಡಿದ ಹನ್ನೊಂದು ಜನರಲ್ಲಿ ಐವರಿಗೆ ಮರೆವಿನ ಕಾಯಿಲೆ ಬಂತು.

ಇವೆಲ್ಲ ಕಾಕತಾಳೀಯ ಇರಬಹುದಲ್ಲ ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಡಾ. ಸ್ಟೀವರ್ಟ್ ಮತ್ತು ಅವರ ತಂಡ 7,676 ಮಾಜಿ ಸ್ಕಾಟಿಷ್ ವೃತ್ತಿಪರ ಆಟಗಾರರ ದಾಖಲೆ ತೆಗೆದು, ಅದೇ ವಯಸ್ಸಿನ, ಅಂಥದ್ದೇ ಪ್ರದೇಶದ 23,028 ಸಾಮಾನ್ಯ ಜನರ ದಾಖಲೆಯ ಜೊತೆ ಹೋಲಿಸಿತು. ಫಲಿತಾಂಶ 2019ರಲ್ಲಿ ಬಂತು. ಹೃದಯದ ಕಾಯಿಲೆಯಿಂದ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಆಟಗಾರರು ಸತ್ತದ್ದು ಕಡಿಮೆ. ಆಟದಿಂದ ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. ಆದರೆ ಮೆದುಳು ಸವೆಯುವ ಕಾಯಿಲೆಗಳಿಂದ ಸತ್ತವರು ಮೂರೂವರೆ ಪಟ್ಟು ಜಾಸ್ತಿ.

2021ರಲ್ಲಿ ಅದೇ ತಂಡ ಯಾರು ಯಾವ ಜಾಗದಲ್ಲಿ ಆಡುತ್ತಿದ್ದರು ಎಂದು ಬಿಡಿಸಿ ನೋಡಿತು. ಗೋಲ್‌ಕೀಪರ್‌ಗಳಿಗೆ ಈ ಕಾಯಿಲೆಯ ಅಪಾಯ ಹೆಚ್ಚುಕಡಿಮೆ ಸಾಮಾನ್ಯ ಜನರಷ್ಟೇ ಇತ್ತು. ಡಿಫೆಂಡರ್‌ಗಳಿಗೆ ಸುಮಾರು ಐದು ಪಟ್ಟು. ಒಂದೇ ಮೈದಾನ, ಒಂದೇ ಊಟ, ಒಂದೇ ಅಭ್ಯಾಸ. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿಯುತ್ತಾನೆ, ಅವನ ಮುಂದೆ ನಿಂತವನು ತಲೆಯಲ್ಲಿ ಹೊಡೆಯುತ್ತಾನೆ. ಸ್ವೀಡನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹೆಚ್ಚಳ ಇಷ್ಟು ದೊಡ್ಡದಿರಲಿಲ್ಲ, ಒಂದೂವರೆ ಪಟ್ಟು ಇತ್ತು. ಅಲ್ಲಿಯೂ ಗೋಲ್‌ಕೀಪರ್‌ಗಳಿಗೆ ಹೆಚ್ಚಳ ಕಾಣಲಿಲ್ಲ.

ಇದು ವೃತ್ತಿಪರರ ಲೆಕ್ಕ. ವಾರಾಂತ್ಯದಲ್ಲಿ ಆಡುವ ಪ್ರತಿ ಮಗುವಿಗೂ ಮುಂದೆ ಮರೆವು ಬರುತ್ತದೆ ಎಂದು ಯಾರೂ ಹೇಳುತ್ತಿಲ್ಲ, ನಾನೂ ಹೇಳುವುದಿಲ್ಲ. ಡಾಕ್ಟರುಗಳ ನಡುವೆ ಇನ್ನೂ ಚರ್ಚೆ ಇದೆ. ಆದರೆ ಮಕ್ಕಳ ಕುತ್ತಿಗೆ ಎಳಸು, ದೇಹಕ್ಕೆ ಹೋಲಿಸಿದರೆ ತಲೆ ಭಾರ, ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಇದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಮತ್ತು ಮಕ್ಕಳಿಗೆ ಹೆಡ್ಡಿಂಗ್ ತಡವಾಗಿ ಕಲಿಸಿದರೆ ಯಾರಿಗೂ ಏನೂ ನಷ್ಟವಿಲ್ಲ ಅಲ್ವಾ?

"ಅದೆಲ್ಲ ಹಳೇ ಕಾಲದ ಚರ್ಮದ ಚೆಂಡಿನ ಕಥೆ" ಎಂದು ಒಬ್ಬ ಹಿರಿಯರು ನನಗೆ ಹೇಳಿದರು. ಹಳೆಯ ಚೆಂಡು ನೀರು ಹೀರುತ್ತಿತ್ತು, ನಿಜ. ಆದರೆ ಒಣಗಿದ್ದಾಗ ಅಂದಿನ ಚೆಂಡಿಗೂ ಇಂದಿನದಕ್ಕೂ ತೂಕ ಒಂದೇ, ನಿಯಮದ ಪ್ರಕಾರ 410ರಿಂದ 450 ಗ್ರಾಂ. ಇಂದಿನದು ಇನ್ನೂ ಜೋರಾಗಿ ಬರುತ್ತದೆ. ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಆಟಗಾರರು ಯಾವ ದಶಕದಲ್ಲಿ ಹುಟ್ಟಿದವರು ಎಂಬುದರಿಂದ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನು ನಮ್ಮ ಮಕ್ಕಳ ಮೈದಾನದ ವಿಷಯ. ನಾನು ಮೇಲೆ ಹೇಳಿದ ಚೆಂಡು ಹೊಸ ಕಾಲದ್ದೇ. ಹೊಲಿಗೆ ಬಿಟ್ಟು ನೀರು ಕುಡಿದರೆ ಅದೂ ಹಳೇ ಕಾಲದ ಚೆಂಡೇ ಆಗುತ್ತದೆ.

ಬೇರೆ ದೇಶಗಳ ಸಂಸ್ಥೆಗಳು ಸುಮ್ನೆ ಕೂರಲಿಲ್ಲ. ಅಮೆರಿಕದ ಸಂಸ್ಥೆ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡ್ಡಿಂಗ್ ಬೇಡ ಎಂದಿತು. ಹನ್ನೊಂದರಿಂದ ಹದಿಮೂರರವರೆಗೆ ಅಭ್ಯಾಸದಲ್ಲಿ ಮಿತಿ ಹಾಕಿತು. 2020ರ ಫೆಬ್ರವರಿಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಸಂಸ್ಥೆಗಳು ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ಅಭ್ಯಾಸದಿಂದ ಹೆಡ್ಡಿಂಗನ್ನು ತೆಗೆದವು. ಇಂಗ್ಲೆಂಡಿನಲ್ಲಿ 2024-25ರ ಸೀಸನ್‌ನಿಂದ ಚಿಕ್ಕ ಮಕ್ಕಳ ಪಂದ್ಯಗಳಲ್ಲೂ ಬೇಕೆಂದೇ ಹೆಡ್ ಮಾಡುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತಿದ್ದಾರೆ. ಮಕ್ಕಳು ಮಾತ್ರವಲ್ಲ. ಕೋಟಿಗಟ್ಟಲೆ ಸಂಬಳ ಪಡೆಯುವ ದೊಡ್ಡವರಿಗೇ ವಾರದ ಅಭ್ಯಾಸದಲ್ಲಿ ಜೋರಾದ ಹೆಡರ್ ಹತ್ತಕ್ಕಿಂತ ಹೆಚ್ಚು ಬೇಡ ಎಂದು ಅಲ್ಲಿ 2021ರಲ್ಲಿ ಸೂಚನೆ ಬಂತು. ಸ್ಕಾಟ್ಲೆಂಡಿನಲ್ಲಿ ಪಂದ್ಯದ ಹಿಂದಿನ ದಿನ, ಮಾರನೆಯ ದಿನ ಹೆಡ್ಡಿಂಗ್ ಅಭ್ಯಾಸವೇ ಬೇಡ ಎಂದು 2022ರಲ್ಲಿ ಹೇಳಿದರು. ಪ್ರೀಮಿಯರ್ ಲೀಗ್ ಸ್ಟಾಪರ್‌ಗೆ ವಾರಕ್ಕೆ ಹತ್ತು. ನನ್ನ ಮಗ ಅಷ್ಟನ್ನು ಒಂದೇ ಬೆಳಗ್ಗೆ ತಿಂಡಿಗೆ ಮುಂಚೆ ಮುಗಿಸುತ್ತಾನೆ.

ನಾನು ನೋಡಿದ ಯಾವ ಮೈದಾನದಲ್ಲೂ ಇಂಥ ಒಂದು ಸೂಚನೆಯ ಕಾಗದ ಕೋಚ್‌ಗಳ ಕೈಯಲ್ಲಿ ಇರಲಿಲ್ಲ. ಕೇಳಿದರೆ ಅವರಿಗೆ ಗೊತ್ತೂ ಇರಲಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ತಲೆಗೆ ಪೆಟ್ಟು ಬಿದ್ದರೂ ಆಡುವವನೇ ವೀರ ಎಂಬ ಭಾವನೆ. ಈ ಭಾವನೆಗೆ ದೊಡ್ಡ ಹೆಸರೊಂದು ಆಧಾರವಾಗಿದೆ, ಅದು ಜರ್ನೈಲ್ ಸಿಂಗ್. ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್‌ನ ಸ್ಟಾಪರ್. ಏಷ್ಯಾದಲ್ಲೇ ಅವರಂಥ ಡಿಫೆಂಡರ್ ಇರಲಿಲ್ಲ ಎನ್ನುತ್ತಿದ್ದ ಕಾಲ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಅವರ ತಲೆ ಒಡೆಯಿತು. ಹೊಲಿಗೆ ಹಾಕಿದರು. ಕೋಚ್ ಸೈಯದ್ ಅಬ್ದುಲ್ ರಹೀಂ ಅವರನ್ನು ಮುಂದಕ್ಕೆ ಕಳಿಸಿ ಫಾರ್ವರ್ಡ್ ಆಗಿ ಆಡಿಸಿದರು. ತಲೆಗೆ ಪಟ್ಟಿ ಸುತ್ತಿಕೊಂಡೇ ಸೆಮಿಫೈನಲ್ ಆಡಿ ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧವೂ ಹೊಡೆದರು. ಭಾರತ 2-1ರಿಂದ ಚಿನ್ನ ಗೆದ್ದಿತು. ಆಮೇಲೆ ಇವತ್ತಿನವರೆಗೆ ಆ ಚಿನ್ನ ಮತ್ತೆ ಬಂದಿಲ್ಲ.

ಆ ಕಥೆ ಕೇಳಿದರೆ ನನಗೂ ಮೈ ಜುಮ್ ಅನ್ನುತ್ತದೆ. ಜರ್ನೈಲ್ ಸಿಂಗ್ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರು ದೊಡ್ಡವರು, ಗೊತ್ತಿದ್ದೇ ತಮ್ಮ ದೇಶಕ್ಕಾಗಿ ಆಡಿದರು. ಅಂದು ಆಟಗಾರನಿಗೆ ಗಾಯವಾದರೆ ಬದಲಿ ಆಟಗಾರನನ್ನು ಇಳಿಸುವ ಅವಕಾಶವೂ ಇರಲಿಲ್ಲ. ಅಂಡರ್-12 ಟೂರ್ನಿಯ ಲೀಗ್ ಪಂದ್ಯಕ್ಕೆ ಅಂಥ ಧೈರ್ಯ ಬೇಕಾಗಿಲ್ಲ. ಹೋದ ವರ್ಷ ಒಂದು ಮಕ್ಕಳ ಟೂರ್ನಿಯಲ್ಲಿ ಇಬ್ಬರು ಹುಡುಗರ ತಲೆ ಡಿಕ್ಕಿ ಹೊಡೆಯಿತು. ಒಬ್ಬ ಎದ್ದು ನಿಂತ. ಯಾವ ಕಡೆಗೆ ಆಡಬೇಕು ಎಂದು ಪಕ್ಕದವನನ್ನು ಕೇಳಿದ. ಮುಖಕ್ಕೆ ನೀರು ಚಿಮುಕಿಸಿ, ಸ್ಪ್ರೇ ಹೊಡೆದು, ಬೆನ್ನು ತಟ್ಟಿ ಮತ್ತೆ ಒಳಗೆ ಕಳಿಸಿದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಯಾವ ಕಡೆ ಆಡಬೇಕೆಂದು ತಿಳಿಯದ ಮಗುವಿಗೆ ಮೆದುಳು ಅಲುಗಿದೆ ಎಂದು ಅಲ್ಲಿದ್ದ ಒಬ್ಬ ದೊಡ್ಡವರಿಗೂ ಅನಿಸಲಿಲ್ಲ. ಅಲ್ಲಿ ಡಾಕ್ಟರ್ ಇರಲಿಲ್ಲ. ಆಂಬುಲೆನ್ಸ್ ಕೂಡ ಇರಲಿಲ್ಲ.

ಆಂಬುಲೆನ್ಸ್ ಇಲ್ಲದ ಕಷ್ಟ ನಮ್ಮ ನಗರಕ್ಕೆ ಹೊಸದಲ್ಲ. 2012ರ ಮಾರ್ಚ್‌ನಲ್ಲಿ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೀಗ್ ಪಂದ್ಯ ಆಡುತ್ತಿದ್ದ ಒಬ್ಬ ಯುವ ಆಟಗಾರ ಕುಸಿದು ಬಿದ್ದ. ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಅವನು ಉಳಿಯಲಿಲ್ಲ. ಅದು ಹೃದಯದ ವಿಷಯ, ತಲೆಯದಲ್ಲ. ಆದರೆ ಪೆಟ್ಟು ಎಲ್ಲಿಗೇ ಬೀಳಲಿ, ಮೊದಲ ಕೆಲವು ನಿಮಿಷ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಒಂದೇ.

ಫೆಡರೇಷನ್‌ಗಳು ಮನಸ್ಸು ಮಾಡಿದರೆ ಆರೋಗ್ಯದ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ, ಅದೂ ಒಬ್ಬ ಡಿಫೆಂಡರ್‌ನದೇ. ಅನ್ವರ್ ಅಲಿಗೆ ಹೃದಯದ ತೊಂದರೆ ಇದೆ ಎಂದು 2019ರಲ್ಲಿ ಗೊತ್ತಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರ ಆಟಕ್ಕೆ ತಡೆ ಹಾಕಿತು. ವಿಷಯ ದೆಹಲಿ ಹೈಕೋರ್ಟ್‌ವರೆಗೆ ಹೋಯಿತು. ವೈದ್ಯರ ಸಮಿತಿ ಕೂತು ನೋಡಿತು. ಕೊನೆಗೆ ಅವರು ಮತ್ತೆ ಆಡಿದರು, ಭಾರತ ತಂಡದ ಸ್ಟಾಪರ್ ಕೂಡ ಆದರು. ಸರಿಯೋ ತಪ್ಪೋ, ಆ ಹುಡುಗನ ಹೃದಯದ ಬಗ್ಗೆ ಯೋಚಿಸಲು ಒಂದು ಸಮಿತಿ ಇತ್ತು. ನಮ್ಮ ಮಕ್ಕಳ ತಲೆಯ ಬಗ್ಗೆ ಯೋಚಿಸಲು ರಾಜ್ಯದಲ್ಲಿ ಒಂದು ಸಣ್ಣ ಸಮಿತಿ ಮಾಡಲು ಆಗುವುದಿಲ್ಲವೇ?

ಹೆಡ್ಡಿಂಗ್ ಕಲಿಸದಿದ್ದರೆ ಸ್ಟಾಪರ್ ಹೇಗೆ ಆಗುತ್ತಾನೆ ಎಂದು ಕೋಚ್‌ಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾರ್ನರ್ ಬಂದಾಗ, ಎದುರಾಳಿ ಗೋಲ್‌ಕೀಪರ್ ಉದ್ದಕ್ಕೆ ಒದ್ದಾಗ ಸ್ಟಾಪರ್ ತಲೆ ಕೊಡಲೇಬೇಕು. ಆದರೆ ಒಳ್ಳೆಯ ಡಿಫೆಂಡರ್ ಅನ್ನುವುದು ಎತ್ತರ ಮತ್ತು ಹಣೆ ಮಾತ್ರವೇ? ಇಟಲಿಯ ಮಿಲಾನ್ ಕ್ಲಬ್‌ನ ಹೆಸರಾಂತ ಡಿಫೆಂಡರ್ ಫ್ರಾಂಕೊ ಬರೇಸಿಯ ಎತ್ತರ ಆರಡಿಗೂ ಕಡಿಮೆ. 2006ರಲ್ಲಿ ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಫ್ಯಾಬಿಯೊ ಕನ್ನವಾರೊ ಕೂಡ ಅಷ್ಟೇ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನು ಆ ವರ್ಷ ಪಡೆದದ್ದು ಅವರೇ. ಚೆಂಡು ಎಲ್ಲಿ ಬೀಳುತ್ತದೆ ಎಂದು ಬೇರೆಯವರಿಗಿಂತ ಎರಡು ಹೆಜ್ಜೆ ಮೊದಲೇ ತಿಳಿಯುವುದು, ಸ್ಟ್ರೈಕರ್‌ನ ಸೊಂಟ ಯಾವ ಕಡೆ ತಿರುಗಿದೆ ನೋಡುವುದು, ಟ್ಯಾಕಲ್‌ಗೆ ಯಾವಾಗ ಬೀಳಬೇಕು ಯಾವಾಗ ಬೀಳಬಾರದು, ಲೈನ್ ಹಿಡಿಯುವುದು, ಪಕ್ಕದವನಿಗೆ ಕೂಗಿ ಹೇಳುವುದು, ಕಿತ್ತುಕೊಂಡ ಚೆಂಡನ್ನು ಆಕಾಶಕ್ಕೆ ಒದೆಯದೆ ನಡುವಿನ ಆಟಗಾರನಿಗೆ ತಲುಪಿಸುವುದು. ಹತ್ತು ವರ್ಷದ ಮಗುವಿಗೆ ಕಲಿಸಲು ಇಷ್ಟೊಂದು ಇದೆ. ನಮ್ಮ ಹುಡುಗರು ದೊಡ್ಡ ಮಟ್ಟಕ್ಕೆ ಹೋದಾಗ ಹಿಂದೆ ಬೀಳುವುದು ಇದರಲ್ಲೇ, ಹೆಡ್ಡಿಂಗ್‌ನಲ್ಲಲ್ಲ. ಹೆಡ್ಡಿಂಗ್‌ನ ಅಳತೆ, ಹಾರುವ ಹೊತ್ತು, ಕಣ್ಣು ಬಿಡುವುದು, ಇದನ್ನೆಲ್ಲ ಬಲೂನಿನಲ್ಲಿ, ಸ್ಪಂಜಿನ ಹಗುರ ಚೆಂಡಿನಲ್ಲಿ ಕಲಿಸಬಹುದು. ಆಮೇಲೆ ಹದಿಮೂರು ಹದಿನಾಲ್ಕಕ್ಕೆ ಕುತ್ತಿಗೆ ಗಟ್ಟಿಯಾದಾಗ ನಿಜವಾದ ಚೆಂಡು.

ಇನ್ನೊಂದು ಮಾತು, ಮಕ್ಕಳದ್ದಲ್ಲ, ಹಿರಿಯರದ್ದು. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಫ್ಯಾಕ್ಟರಿಗಳಲ್ಲಿ, ಸೇನಾ ಪಡೆಗಳಲ್ಲಿ, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಗಲ್ಲಿಗಳಲ್ಲಿ. 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಕೋಲ್ಕತ್ತದ ದೊಡ್ಡ ಕ್ಲಬ್ ಅಲ್ಲ, ನಮ್ಮ ಐಟಿಐ, ಅಂದರೆ ಬೆಂಗಳೂರಿನ ಟೆಲಿಫೋನ್ ಫ್ಯಾಕ್ಟರಿಯ ತಂಡ. ಫೈನಲ್‌ನಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಗೆದ್ದರು. ಆ ಪೀಳಿಗೆಯವರಿಗೆ ಈಗ ಎಪ್ಪತ್ತು ದಾಟಿದೆ. ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ಫ್ಯಾಕ್ಟರಿ ಟೀಮಿನ ಸ್ಟಾಪರ್ ಆಗಿದ್ದವರು. ಹಳೆಯ ಮ್ಯಾಚು ಒಂದೊಂದೂ ಬಾಯಿಪಾಠ. ಆದರೆ ಹಾಲು ತರಲು ಹೋದವರು ಮನೆ ದಾರಿ ತಪ್ಪುತ್ತಾರೆ. ಅಂಗಡಿಯ ಹುಡುಗ ಕೈ ಹಿಡಿದು ಕರೆದುಕೊಂಡು ಬರುತ್ತಾನೆ. ಇದು ಹೆಡ್ಡಿಂಗ್‌ನಿಂದಲೇ ಆಯಿತು ಎಂದು ನಾನು ಹೇಳಲಾರೆ. ವಯಸ್ಸಾದವರಿಗೆ ಮರೆವು ಬರುತ್ತದೆ. ಆದರೆ ಅವರ ಹೆಂಡತಿ ನನ್ನನ್ನು ಕೇಳಿದರು, "ಅಷ್ಟು ವರ್ಷ ಆಡಿದರಲ್ಲಮ್ಮ, ಒಬ್ಬರಾದರೂ ಬಂದು ಹೇಗಿದ್ದೀರಿ ಅಂತ ಕೇಳಲಿಲ್ಲ." ಆ ಅಮ್ಮನಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಸ್ಕಾಟ್ಲೆಂಡ್ ತನ್ನ ಆಟಗಾರರನ್ನು ಎಣಿಸಿ ನೋಡಿತು. ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮೂರಲ್ಲೇ ಇದೆ. ಹಳೆಯ ಆಟಗಾರರ ಹೆಸರು, ವಿಳಾಸ ಸೇರಿಸಿ, ಅವರನ್ನು ಒಮ್ಮೆ ತಪಾಸಣೆಗೆ ಕಳಿಸುವ ವ್ಯವಸ್ಥೆ ಮಾಡಲು ನಿಮ್ಮಂಥ ಸಂಸ್ಥೆಗೆ ಮಾತ್ರ ಸಾಧ್ಯ. ನಮ್ಮಂಥವರು ಕೇಳಿದರೆ ಯಾರು ಕಿವಿಗೊಡುತ್ತಾರೆ?

ಹಾಗಾಗಿ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ನಿಮ್ಮಲ್ಲಿ ನೋಂದಾಯಿಸಿದ ಎಲ್ಲ ಅಕಾಡೆಮಿ, ಕ್ಲಬ್, ಶಾಲೆಗಳಿಗೆ ಹನ್ನೊಂದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ಅಭ್ಯಾಸದಲ್ಲಿ ಹೆಡ್ಡಿಂಗ್ ಬೇಡ ಎಂಬ ಸೂಚನೆ ಕಳಿಸಿ. ಹನ್ನೆರಡರಿಂದ ಹದಿನಾಲ್ಕರ ಮಕ್ಕಳಿಗೆ ವಾರಕ್ಕೆ ಒಂದು ದಿನ, ಕೆಲವೇ ಬಾರಿ, ಹಗುರ ಚೆಂಡಿನಲ್ಲಿ ಮಾತ್ರ ಇರಲಿ. ವಯಸ್ಸಿಗೆ ತಕ್ಕ ಸೈಜಿನ ಚೆಂಡು ಕಡ್ಡಾಯವಾಗಲಿ. ನಾಲ್ಕನೇ ಸೈಜಿನ ಚೆಂಡು ಬೇಕಾದಲ್ಲಿ ಐದನೆಯದು ಬೇಡ, ನೀರು ಕುಡಿದ ಚೆಂಡು ಮೂಲೆಗೆ ಹೋಗಲಿ. ಕೊಳ್ಳಲು ಹಣವಿಲ್ಲದ ಸಣ್ಣ ಅಕಾಡೆಮಿಗಳಿಗೆ ಸಂಸ್ಥೆಯೇ ಒಂದಷ್ಟು ಕೊಡಲಿ. ಗೌತಮಪುರದಂಥ ಕಡೆ ಮಕ್ಕಳಿಗೆ ಬೂಟು ಸಿಗುವುದೇ ಕಷ್ಟ, ಇದನ್ನು ಅವರ ತಲೆ ಮೇಲೆ ಹೊರಿಸಬೇಡಿ.

ಪಂದ್ಯದಲ್ಲಿ ಯಾವ ಮಗುವಿಗೇ ತಲೆಗೆ ಪೆಟ್ಟು ಬಿದ್ದರೂ ಅವತ್ತು ಅದು ಮತ್ತೆ ಒಳಗೆ ಹೋಗಬಾರದು. ಬದಲಿ ಆಟಗಾರನನ್ನು ಇಳಿಸಲಿ, ಅದು ಉಳಿದ ಬದಲಾವಣೆಗಳ ಲೆಕ್ಕಕ್ಕೆ ಸೇರದಿರಲಿ. ಆಟದ ನಿಯಮ ಮಾಡುವ ಅಂತರರಾಷ್ಟ್ರೀಯ ಮಂಡಳಿ 2024ರಿಂದ ಇದಕ್ಕೆ ನಿಯಮದಲ್ಲೇ ಜಾಗ ಕೊಟ್ಟಿದೆ, ಟೂರ್ನಿ ನಡೆಸುವವರು ಒಪ್ಪಿಕೊಂಡರೆ ಸಾಕು. ಡಾಕ್ಟರ್ ಬರೆದುಕೊಡುವವರೆಗೆ ಆ ಮಗು ಅಭ್ಯಾಸಕ್ಕೂ ಬರಬಾರದು. ಈ ಅಧಿಕಾರ ಕೋಚ್ ಕೈಯಲ್ಲಿ ಬೇಡ, ರೆಫರಿ ಕೈಗೆ ಕೊಡಿ. ಗೆಲ್ಲಬೇಕೆಂಬ ಒತ್ತಡ ರೆಫರಿಗೆ ಇರುವುದಿಲ್ಲ. ಆಂಬುಲೆನ್ಸ್ ಮತ್ತು ಒಬ್ಬ ವೈದ್ಯಕೀಯ ಸಿಬ್ಬಂದಿ ಇಲ್ಲದೆ ಮಕ್ಕಳ ಟೂರ್ನಿಗೆ ಅನುಮತಿ ಕೊಡಬೇಡಿ.

ಕೋಚ್‌ಗಳ ಲೈಸೆನ್ಸ್ ಕೋರ್ಸ್ ನಡೆಯುವಾಗ ಇದಕ್ಕೆ ಅರ್ಧ ದಿನ ಮೀಸಲಿಡಿ. ತಲೆಗೆ ಪೆಟ್ಟು ಬಿದ್ದಾಗ ಏನು ನೋಡಬೇಕು ಎಂಬುದನ್ನು ಕನ್ನಡದಲ್ಲಿ ಒಂದೇ ಪುಟದಲ್ಲಿ ಅಚ್ಚು ಹಾಕಿಸಿ ಮೈದಾನಗಳಲ್ಲಿ ಅಂಟಿಸಿ: ವಾಂತಿ, ಮಂಪರು, ಬೆಳಕು ಕಂಡರೆ ಕಣ್ಣು ನೋವು, ಕೇಳಿದ್ದನ್ನೇ ಮತ್ತೆ ಕೇಳುವುದು, ಇವತ್ತು ಯಾವ ವಾರ ಎಂದು ತಿಳಿಯದಿರುವುದು. ಅಪ್ಪ ಅಮ್ಮಂದಿರು ಅದನ್ನು ಓದುತ್ತೇವೆ. ಮತ್ತು ದಯವಿಟ್ಟು ಈ ವಿಷಯವನ್ನು ಅಖಿಲ ಭಾರತ ಫೆಡರೇಷನ್‌ನ ಮುಂದೆಯೂ ಇಡಿ. ಆದರೆ ಅಲ್ಲಿಂದ ಉತ್ತರ ಬರಲಿ ಎಂದು ಕಾಯಬೇಡಿ. ರಾಜ್ಯದ ಮಕ್ಕಳ ಟೂರ್ನಿಗಳನ್ನು ನಡೆಸುವವರು ನೀವು, ಇಷ್ಟನ್ನು ಮಾಡಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಇದಕ್ಕೆಲ್ಲ ಆಗುವ ಖರ್ಚು ಜಾಸ್ತಿ ಏನಲ್ಲ. ಆಂಬುಲೆನ್ಸ್ ಬಿಟ್ಟರೆ ಉಳಿದದ್ದು ಹೆಚ್ಚಾಗಿ ಕಾಗದ ಮತ್ತು ಮನಸ್ಸು.

ಮಕ್ಕಳ ಮುಂದಿನ ಲೀಗ್ ಶುರುವಾಗುವ ಮೊದಲು ಸಂಸ್ಥೆ ಕೋಚ್‌ಗಳು, ರೆಫರಿಗಳು, ಪೋಷಕರು ಮತ್ತು ಒಬ್ಬ ನರರೋಗ ತಜ್ಞರನ್ನು ಕೂರಿಸಿ ಒಂದು ಸಭೆ ಕರೆಯಬೇಕು ಎಂದು ವಿನಂತಿಸುತ್ತೇನೆ. ದಿನ ತಿಳಿಸಿದರೆ ನಾವು ಕೆಲಸಕ್ಕೆ ರಜೆ ಹಾಕಿ ಬರುತ್ತೇವೆ. ಈ ಪತ್ರದ ಪ್ರತಿಯನ್ನು ಸಂಸ್ಥೆಯ ಕಚೇರಿಗೂ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಲಿಖಿತ ಉತ್ತರಕ್ಕಾಗಿ ಕಾಯುತ್ತೇನೆ. ಅಲ್ಲಿಯವರೆಗೆ ನನ್ನ ಮಗ ಆಡುತ್ತಾನೆ, ಆದರೆ ಹೆಡ್ಡಿಂಗ್ ಸಾಲಿನಲ್ಲಿ ನಿಲ್ಲುವುದಿಲ್ಲ. ಇದನ್ನು ಅವನ ಕೋಚ್‌ಗೆ ಹೇಳಿದ್ದೇನೆ.

ಇಂತಿ,
ಒಬ್ಬ ಸ್ಟಾಪರ್‌ನ ತಾಯಿ
ಬೆಂಗಳೂರು